ಕೊನೆ ಸೀನ್ ಇಲ್ಲದ ಕ್ಯಾಸೆಟ್

“ಚೆಂಡು ಎಲ್ಲಿ ಹೋತು? ಅದನ್ನ ಮೊದಲ ಹೇಳ್ರಿ!”

ಕ್ಯಾಸೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಪಕ್ಕದ ಉಡುಪಿ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

ನೋಡಲಿ! ಸಂಜನಾಳಿಗೆ ಅದರ ಗೊಡವೆಯೇ ಇರಲಿಲ್ಲ. ಕೋಪ ನೆತ್ತಿಗೇರಿತ್ತು. ವಡೋದರಾದ ಫತೇಗಂಜಿನ ಆ ಪುಟ್ಟ ವಿಡಿಯೋ ಲೈಬ್ರರಿಯೊಳಗೆ ನಿಂತಿದ್ದ ತೆಳ್ಳನೆಯ ಯುವಕ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

“ನಿಮಗೆ... ಕನ್ನಡ ಬರ್ತದಾ?” ಎಂದ ಕೊನೆಗೆ.

“ಬರದ ಏನ್ರೀ? ನಾವು ಧಾರವಾಡದವರು. ನಿಮ್ಮ ಅಂಗಡಿ ಕನ್ನಡದವರದು ಅಂತ ನಿನ್ನೆ ಇಡೀ ಹಾಸ್ಟೆಲ್ಲಿಗೇ ಗೊತ್ತಾತು!”

ಹೇಗೆ ಗೊತ್ತಾಯಿತು ಅಂತೀರಾ? ಜಗಳದ ಮೂಲವೇ ಅದು.

ರಾಜ್ಯ ಚಾಂಪಿಯನ್‌ಶಿಪ್ ಹತ್ತಿರ ಬಂದಿತ್ತು. ವಡೋದರಾ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗಿಯರು ಹಿಂದಿನ ದಿನ ಹಾಸ್ಟೆಲಿನ ಟೀವಿ ರೂಮಿನಲ್ಲಿ ಒಬ್ಬರ ಮೇಲೊಬ್ಬರು ಒರಗಿ ಕೂತಿದ್ದರು. ಹುರುಪು ಬರಲಿ ಎಂದು ಗೆಳತಿ ಹೇತಲ್ ಇದೇ ಅಂಗಡಿಯಿಂದ ಒಂದು ಇಂಗ್ಲಿಷ್ ಸಿನಿಮಾ ತಂದಿದ್ದಳು. ಬಂದರು ಊರೊಂದರ ಮೀನು ಮಾರ್ಕೆಟ್ಟಿನಲ್ಲಿ ದುಡಿಯುವ ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡುವ ಕಥೆ. ಕೊನೆಯ ಪಂದ್ಯ, ಕೊನೆಯ ಗಳಿಗೆ, ಒಂದೇ ಒಂದು ಪಾಯಿಂಟು ಹಿಂದೆ. ನಾಯಕಿ, ಯಾರೂ ಅಡ್ಡ ಬರದೆ ಎಸೆಯುವ ಫ್ರೀ ಥ್ರೋ ಗೆರೆಯ ಮೇಲೆ ನಿಂತು ಚೆಂಡನ್ನು ಎಸೆದಳು. ಚೆಂಡು ಗಾಳಿಯಲ್ಲಿ ತೇಲಿತು... ಹುಡುಗಿಯರೆಲ್ಲ ಉಸಿರು ಬಿಗಿಹಿಡಿದರು...

ಪರದೆಯ ಮೇಲೆ ಗೆರೆಗೆರೆ ಓಡಿತು. ಮರುಕ್ಷಣವೇ, ಸೀರೆ ಉಟ್ಟ ಅತ್ತೆಯೊಬ್ಬಳು ಸೊಸೆಗೆ ಕನ್ನಡದಲ್ಲಿ ಬೈಯತೊಡಗಿದಳು!

“ಎಲ್ಲಾರೂ ನನ್ನ ಮಾರಿ ನೋಡಿ ಬಿದ್ದುಬಿದ್ದು ನಕ್ಕರು. ನಿಮ್ಮ ಭಾಷೆಯಾಕಿ ನಮ್ಮ ಚೆಂಡು ನುಂಗಿಬಿಟ್ಟಳು ಅಂತ!”

ಯುವಕ ಕ್ಯಾಸೆಟ್ಟನ್ನು ತಿರುಗಿಸಿ ಅದರ ಬೆನ್ನು ನೋಡಿದ. ಮೇಲೆ ಯಾರೂ ರೆಕಾರ್ಡ್ ಮಾಡಬಾರದೆಂದು ಲೈಬ್ರರಿಯವರು ಮೂಲೆಯ ಪ್ಲಾಸ್ಟಿಕ್ ಚೂರನ್ನು ಮುರಿದಿರುತ್ತಾರಲ್ಲ, ಆ ತೂತಿನ ಮೇಲೆ ಗಮ್ ಟೇಪು ಅಂಟಿತ್ತು.

“ಅಮ್ಮಾ!” ಎಂದು ಕೂಗಿದ.

ಹೋಟೆಲಿನ ಕಡೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಶಕುಂತಲಮ್ಮ ಬಂದರು. ಕ್ಯಾಸೆಟ್ ನೋಡಿದ್ದೇ ತಡ, ನಾಲಿಗೆ ಕಚ್ಚಿಕೊಂಡರು.

ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಸಿನಿಮಾ ಬರುತ್ತಿದ್ದ ಕಾಲ ಅದು. ಕನ್ನಡದ ಸರದಿ ಬರುವುದೆಂದರೆ ಅಪರೂಪಕ್ಕೆ ನೆಂಟರು ಬಂದ ಹಾಗೆ. ಆ ದಿನ ಗುಜರಾತಿನ ಕನ್ನಡದ ಮನೆಗಳಲ್ಲಿ ಯಾರಿಗೂ ಸ್ಥಿಮಿತ ಇರುತ್ತಿರಲಿಲ್ಲ. ವಿಸಿಆರ್ ಇದ್ದವರು ರೆಕಾರ್ಡ್ ಮಾಡಬೇಕು, ಇಲ್ಲದವರು ಅದನ್ನು ಆಮೇಲೆ ಎರವಲು ಒಯ್ಯಬೇಕು.

“ಎಂತ ಮಾಡುದು ಮಗಾ, ಪಿಕ್ಚರ್ ಸುರು ಆಗಿಹೋಗಿತ್ತು. ಕೈಗೆ ಸಿಕ್ಕಿದ್ದನ್ನು ಹಾಕಿ ಬಟನ್ ಒತ್ತಿದೆ. ಅದನ್ನು ಯಾರೋ ಪೂರ್ತಿ ರಿವೈಂಡ್ ಮಾಡದೆ ಕೊಟ್ಟಿದ್ರು ಕಾಣ್ತದೆ. ನನ್ನ ಪಿಕ್ಚರಿನದ್ದೂ ಕೊನೆ ಬರ್ಲಿಲ್ಲ ಮಾರಾಯ್ತಿ, ಟೇಪೇ ಮುಗಿದುಹೋಯ್ತು!” ಎಂದು ಸಂಜನಾಳಿಗೇ ದೂರು ಹೇಳಿದರು.

ನಗು ಬಂತು ಸಂಜನಾಳಿಗೆ. ಆದರೆ ಗಂಟಲಲ್ಲೇ ತಡೆದಳು.

“ನಿಮ್ಮ ಅಂಗಡ್ಯಾಗ ಆ ಸಿನಿಮಾದ ಇನ್ನೊಂದು ಕ್ಯಾಸೆಟ್ ಐತೇನು?”

“ಇಲ್ಲ. ಒಂದೇ ಇದ್ದದ್ದು.”

“ನೀವು ನೋಡೀರಿ?”

“ನೋಡದೆ ಇರ್ತೇನಾ! ಬ್ಯಾಸ್ಕೆಟ್‌ಬಾಲ್ ಪಿಕ್ಚರ್ ಯಾವುದು ಬಂದ್ರೂ ನಾನು ಬಿಡುದಿಲ್ಲ.”

“ಹಂಗಾರ ಹೇಳ್ರಿ. ಆ ಚೆಂಡು ಬುಟ್ಟಿಗೆ ಬಿತ್ತೋ, ಇಲ್ಲೋ?”

ಕೌಂಟರಿನ ಮೇಲಿದ್ದ ಅವಳ ಬೆರಳುಗಳು ನಡುಗಿದವು. ಯುವಕ ಬೆರಳುಗಳನ್ನು ನೋಡಿದ, ಆಮೇಲೆ ಅವಳ ಕಣ್ಣು ನೋಡಿದ.

“ಬಿತ್ತು. ಸಮ ಆಗಿ, ಎಕ್ಸ್‌ಟ್ರಾ ಟೈಮಿನಲ್ಲಿ ಗೆದ್ದರು.”

ಎದೆಯ ಮೇಲಿನ ಚಪ್ಪಡಿ ಕಲ್ಲು ಸರಿದಂತಾಯಿತು ಸಂಜನಾಳಿಗೆ. ಥ್ಯಾಂಕ್ಸ್ ಕೂಡ ಹೇಳದೆ ಹೊರಟುಹೋದಳು.

ಒಂದು ಸಿನಿಮಾದ ಚೆಂಡಿಗೆ ಇಷ್ಟೇಕೆ ಒದ್ದಾಟ?

ಕಾರಣವಿತ್ತು. ಹಿಂದಿನ ವರ್ಷ ಸೂರತ್ತಿನಲ್ಲಿ ಆ ಊರಿನ ತಂಡದೆದುರೇ ನಡೆದ ಫೈನಲ್ಲಿನಲ್ಲಿ ಅವಳೂ ಅದೇ ಗೆರೆಯ ಮೇಲೆ ನಿಂತಿದ್ದಳು. ಅವಳ ತಂಡವೂ ಒಂದೇ ಪಾಯಿಂಟು ಹಿಂದಿತ್ತು. ಎರಡು ಫ್ರೀ ಥ್ರೋ ಸಿಕ್ಕಿದ್ದವು. ಎರಡೂ ತಪ್ಪಿದವು. ಸೂರತ್ತಿನಿಂದ ವಡೋದರಾ ತಲುಪುವವರೆಗೆ ಬಸ್ಸಿನಲ್ಲಿ ಯಾರೂ ಅವಳ ಜೊತೆ ಮಾತಾಡಲಿಲ್ಲ. ಬೈದಿದ್ದರಾದರೂ ಚೆನ್ನಾಗಿತ್ತು! ಅಂದಿನಿಂದ ಆ ಗೆರೆಯ ಮೇಲೆ ನಿಂತರೆ ಸಾಕು, ಕೈ ತನ್ನದಲ್ಲವೇನೋ ಅನ್ನಿಸುತ್ತಿತ್ತು.

ಈ ವರ್ಷ ಅದಕ್ಕಿಂತ ದೊಡ್ಡ ಕುತ್ತು. ಅವಳ ತಂದೆ ಲಿಂಗರಾಜ ವಡೋದರಾ ಹತ್ತಿರದ ಕೊಯಾಲಿಯ ರಿಫೈನರಿಯಲ್ಲಿ ಫೋರ್‌ಮನ್. ಅಸ್ಸಾಂ ಕಡೆಗೆ ವರ್ಗವಾಗಿತ್ತು. ಜೂನ್ ತಿಂಗಳಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಅದೇ ಹೊತ್ತಿಗೆ, ರೈಲ್ವೆಯ ಮಹಿಳಾ ತಂಡಕ್ಕೆ ಒಬ್ಬ ಆಟಗಾರ್ತಿ ಬೇಕಾಗಿದ್ದಾಳೆ, ಅವರ ಕೋಚ್ ಅಹಮದಾಬಾದಿನ ಫೈನಲ್ ನೋಡಲು ಬರುತ್ತಾರೆ ಎಂಬ ಸುದ್ದಿ ಬಂದಿತ್ತು. ಆರಿಸಿಕೊಂಡರೆ ನೌಕರಿ, ಅದೂ ವಡೋದರಾದಲ್ಲೇ.

“ನೋಡವ್ವಾ, ನೌಕರಿ ಸಿಕ್ಕರ ನೀ ಇಲ್ಲೇ ಹಾಸ್ಟೆಲ್ಲಿನ್ಯಾಗ ಇರು, ನಾ ಬ್ಯಾಡ ಅನ್ನೂದಿಲ್ಲ. ಸಿಗಲಿಲ್ಲಂದ್ರ ನಮ್ಮ ಜೋಡಿ ಬರಬೇಕು. ಅಲ್ಲಿ ಆಟಾನೂ ಇಲ್ಲ, ಗೀಟಾನೂ ಇಲ್ಲ,” ಎಂದಿದ್ದರು ಅಪ್ಪಾಜಿ. ಗದರಿಸಿ ಹೇಳಿದ ಮಾತಲ್ಲ, ಸಂಕಟದಿಂದ ಹೇಳಿದ್ದು. ಅದಕ್ಕೇ ಅವಳಿಗೆ ಎದುರಾಡಲು ಆಗಲಿಲ್ಲ.

ಫೈನಲ್‌ವರೆಗೆ ಹೋಗಬೇಕು, ಅಲ್ಲಿ ಆಡಿ ತೋರಿಸಬೇಕು. ಆ ಗೆರೆಯ ಮೇಲೆ ಮತ್ತೆ ನಿಲ್ಲಬೇಕಾಗಿ ಬಂದರೆ?



*

ಎರಡು ದಿನ ಬಿಟ್ಟು ಆ ಯುವಕ ಸ್ಕೂಟರ್ ಮೇಲೆ ಪ್ರಾಕ್ಟೀಸ್ ಮೈದಾನಕ್ಕೇ ಬಂದ. ಕೈಯಲ್ಲಿ ಒಂದು ಕ್ಯಾಸೆಟ್.

“ನನ್ನ ಹೆಸರು ಅಕ್ಷಯ್. ಇದು ದಂಡ. ಬಾಡಿಗೆ ಬೇಡ.”

“ಇದರಾಗ ಯಾರು ಅಡಿಗಿ ಮಾಡ್ತಾರ? ಅತ್ತೀನೋ, ಸೊಸೀನೋ?”

ಅವನು ನಕ್ಕ. ನಗುವಾಗ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಸಂಜನಾ ಬೇಗ ಬೇರೆ ಕಡೆ ನೋಡಿದಳು. ಥೂ! ಗುಳಿ ಬಿದ್ದರೆ ಬೀಳಲಿ, ತನಗೇನು?

“ಒಂದೇ ಬೀದಿಯ ಐದು ಜನ ಕ್ಷೌರದವರು ಸೇರಿ ಟೀಮ್ ಕಟ್ಟುವ ಕಥೆ. ನಗ್ಲಿಕ್ಕೆ ಒಳ್ಳೆಯದುಂಟು. ಆಟ ಗೊತ್ತಿಲ್ಲದ ನಮ್ಮಮ್ಮನೇ ಎರಡು ಸಲ ನೋಡಿದ್ದಾರೆ.”

“ಆಟ ಗೊತ್ತಿದ್ದವರಿಗೆ?”

“ಅದಕ್ಕೆ ಬೇರೆ ಉಂಟು. ಒಬ್ಬ ರೆಫರಿಯ ಪಿಕ್ಚರ್. ಎಲ್ಲರೂ ಚೆಂಡು ನೋಡ್ತಾರೆ, ಅವನು ಆಟಗಾರರ ಕಾಲು ನೋಡ್ತಾನೆ. ಅದನ್ನು ನೋಡಿದ ಮೇಲೆ ನೀವು ಬೇರೆ ಥರ ಆಡ್ತೀರಿ, ಬೇಕಿದ್ರೆ ಬೆಟ್ ಕಟ್ಟಿ!”

ಹೀಗೆ ಶುರುವಾಯಿತು. ಒಂದು ಕ್ಯಾಸೆಟ್ ವಾಪಸ್ ಕೊಡಲು ಹೋದರೆ ಇನ್ನೊಂದು. ಮನೆಯ ಹಿತ್ತಲಲ್ಲಿ ಚೆಂಡು ಆಡುವಾಗ ಮಾತ್ರ ಒಬ್ಬರಿಗೊಬ್ಬರು ಮಾತಾಡುವ ಅಪ್ಪ ಮಗನ ಕಥೆ ನೋಡಿ ಅವಳು ಅತ್ತುಬಿಟ್ಟಳು. ಇನ್ನೊಂದರಲ್ಲಿ ಬರೀ ಆಟ, ಕಥೆಯೇ ಇಲ್ಲ.

“ಇದನ್ನ ನೋಡಿದ್ದ ದಂಡ,” ಎಂದಳು.

“ಹೌದಲ್ವಾ? ಒಳ್ಳೆ ಬ್ಯಾಸ್ಕೆಟ್‌ಬಾಲ್ ಪಿಕ್ಚರಿನಲ್ಲಿ ಚೆಂಡು ಕಮ್ಮಿ ಇರಬೇಕು, ಮನುಷ್ಯರು ಜಾಸ್ತಿ ಇರಬೇಕು. ನಾನು ಹೇಳಿದ್ರೆ ಇಲ್ಲಿ ಯಾರಿಗೂ ತಲೆಗೇ ಹೋಗುದಿಲ್ಲ!”

ಇವನಿಗೆ ಚೆಂಡು ಹಿಡಿಯಲೂ ಬರುವುದಿಲ್ಲ ಎಂಬುದು ಅವಳಿಗೆ ಒಂದು ಸಂಜೆ ಮೈದಾನದಲ್ಲಿ ಗೊತ್ತಾಯಿತು. ಎಸೆದ ಚೆಂಡು ನೇರ ಅವನ ಮೂಗಿಗೇ ಬಡಿದಿತ್ತು. ಹೇತಲ್ ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಅವನು ಮೂಗು ಹಿಡಿದುಕೊಂಡು ತಾನೂ ನಕ್ಕ.

‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಹೋಟೆಲಿನಲ್ಲಿ ಅವನ ತಂದೆ ಪದ್ಮನಾಭರಾಯರು ಎರಡು ಪಾತ್ರೆಯಲ್ಲಿ ಸಾಂಬಾರು ಇಡುತ್ತಿದ್ದರು. ಊರಿನ ಗಿರಾಕಿಗಳಿಗೆ ಬೆಲ್ಲ ಜಾಸ್ತಿ ಹಾಕಿದ್ದು ಎದುರಿಗೆ. ಒಳಗೆ, ಮನೆಯವರಿಗೆ ಮಾತ್ರ, ಖಾರದ್ದು. ಒಂದು ದಿನ ಸಂಜನಾಳ ಇಡ್ಲಿಯ ಮೇಲೆ ಶಕುಂತಲಮ್ಮ ಒಳಗಿನ ಪಾತ್ರೆಯಿಂದ ತಂದು ಸುರಿದರು. ಅಕ್ಷಯ್ ಕಿವಿಯವರೆಗೆ ಕೆಂಪಾದ. ಅವಳಿಗೆ ಅರ್ಥವಾಯಿತೋ ಇಲ್ಲವೋ... ತಲೆ ತಗ್ಗಿಸಿ ತಿಂದಳು.

ಒಂದು ವಿಷಯ ಮಾತ್ರ ಅವಳು ಗಮನಿಸಿದ್ದಳು. ಯಾವ ಗಿರಾಕಿ ಕೇಳಿದರೂ ಅಕ್ಷಯ್ ದುಃಖದ ಕೊನೆ ಹೇಳುತ್ತಿರಲಿಲ್ಲ. ಒಮ್ಮೆ ವಯಸ್ಸಾದ ಗುಜರಾತಿ ಹೆಂಗಸೊಬ್ಬಳು, “ಬೇಟಾ, ಕೊನೆಗೆ ಹುಡುಗ ಬದುಕುತ್ತಾನಾ?” ಎಂದು ಹಿಂದಿಯಲ್ಲಿ ಕೇಳಿದಾಗ, “ಸಬ್ ಠೀಕ್ ಹೋ ಜಾತಾ ಹೈ, ಬಾ,” ಎಲ್ಲ ಸರಿಹೋಗುತ್ತದೆ ಅಮ್ಮಾ, ಎಂದು ಕ್ಯಾಸೆಟ್ ಕೊಟ್ಟು ಕಳಿಸಿದ್ದ.

“ಹುಡುಗ ಸಾಯ್ತಾನಲ್ಲೋ!” ಎಂದಳು ಸಂಜನಾ.

“ಸಾಯ್ತಾನೆ ಅಂದ್ರೆ ಅವರು ತಗೊಂಡು ಹೋಗ್ತಾರಾ? ಕಣ್ಣೀರು ಬಂದ್ರೆ ಮನೆಯಲ್ಲೇ ಬರಲಿ.”

ಅವಳು ನಕ್ಕು ಸುಮ್ಮನಾದಳು. ಆ ನಗು ಮುಂದೆ ಇಷ್ಟು ಚುಚ್ಚುತ್ತದೆ ಎಂದು ಅವಳಿಗೇನು ಗೊತ್ತು?

ಅಹಮದಾಬಾದಿಗೆ ಹೊರಡುವ ಬೆಳಿಗ್ಗೆ ಅವನು ಸ್ಟೇಷನ್ನಿಗೆ ಬಂದ. ಹುಡುಗಿಯರೆಲ್ಲ ಡಬ್ಬಿ ಹತ್ತಿಯಾಗಿತ್ತು. ಹೇತಲ್ ಕಿಟಕಿಯಿಂದ ಕೆಮ್ಮಿ ಕೆಮ್ಮಿ ಸನ್ನೆ ಮಾಡುತ್ತಿದ್ದಳು.

“ಅಕ್ಷಯ್, ನನಗ ಭಾಳ ಹೆದರಿಕಿ ಆಗೈತಿ,” ಎಂದಳು ಸಂಜನಾ ಮೆಲ್ಲಗೆ. “ಮತ್ತ ಫ್ರೀ ಥ್ರೋ ಬಂದ್ರ?”

“ಬರಲಿ.”

“ಆ ಮೀನಿನ ಮಾರ್ಕೆಟ್ಟಿನ ಹುಡುಗೀನ ನೆನಿಸ್ಕೊಂತೀನಿ. ಅಕಿ ಹಾಕಿದಳಲ್ಲ? ನಾನೂ ಹಾಕ್ತೀನಿ.”

ಅವನ ಮುಖದ ಬಣ್ಣ ಯಾಕೋ ಇಳಿಯಿತು. ಏನೋ ಹೇಳಲು ಬಾಯಿ ತೆರೆದ. ಗಾರ್ಡ್ ಸೀಟಿ ಊದಿದ.

“ಹೋಗಿ ಬಾ ಸಂಜನಾ. ಬಂದ ಮೇಲೆ ನಿನಗೊಂದು ಮಾತು ಹೇಳ್ಲಿಕ್ಕುಂಟು.”

“ಈಗ ಹೇಳು!”

“ಈಗಲ್ಲ...”

ರೈಲು ಹೊರಟಿತು. ಆ ಮಾತು ಏನಿರಬಹುದು ಎಂದು ಯೋಚಿಸುತ್ತಲೇ ಅವಳು ಅಹಮದಾಬಾದ್ ತಲುಪಿದಳು. ಕೆನ್ನೆ ಬಿಸಿಯಾಗಿತ್ತು.

*

ಸೆಮಿಫೈನಲ್ ಗೆದ್ದರು! ಫೈನಲ್ಲಿನಲ್ಲಿ ಎದುರಾಳಿ ಯಾರು ಗೊತ್ತೇ? ಮತ್ತೆ ಸೂರತ್. ಹಾಳಾದ್ದು, ಬೇಡ ಬೇಡ ಎಂದರೂ ಅದೇ ಬಂದು ಕೊರಳಿಗೆ ಬಿತ್ತು.

ಆ ಸಂಜೆ ಹೇತಲ್ ಕುಣಿಯುತ್ತ ಬಂದಳು. ಅವಳ ಚಿಕ್ಕಪ್ಪನ ಮನೆ ಅಲ್ಲೇ ಹತ್ತಿರವಿತ್ತು.

“ಸಂಜನಾ, ಏನು ಸಿಕ್ಕಿದೆ ನೋಡು! ಅದೇ ಮೀನಿನ ಮಾರ್ಕೆಟ್ ಸಿನಿಮಾ. ಇದು ಪೂರ್ತಿ ಇದೆಯಂತೆ, ಯಾವ ಅತ್ತೆಯೂ ನುಂಗಿಲ್ಲ. ಚಲೋ ಚಲೋ!”

ಹುಡುಗಿಯರೆಲ್ಲ ಚಿಕ್ಕಪ್ಪನ ಮನೆಯ ಹಾಲ್‌ನಲ್ಲಿ ಕೂತರು. ಚಿಕ್ಕಮ್ಮ ಸೇವು, ಗಾಠಿಯಾ ತಂದಿಟ್ಟರು. ಸಂಜನಾ ಎಲ್ಲರಿಗಿಂತ ಮುಂದೆ ಕೂತಿದ್ದಳು. ಕೊನೆ ಗೊತ್ತಿದ್ದವಳ ಧೈರ್ಯ ಅವಳದು.

ಅದೇ ಗೆರೆ. ಅದೇ ಹುಡುಗಿ. ಚೆಂಡು ಗಾಳಿಯಲ್ಲಿ ತೇಲಿತು...

ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಚಿಮ್ಮಿತು.

ಬೀಳಲಿಲ್ಲ!

ಎದುರಾಳಿಗಳು ಕುಣಿದರು. ಮೀನಿನ ಮಾರ್ಕೆಟ್ಟಿನ ಹುಡುಗಿಯರು ಸೋತರು. ಅಷ್ಟೇ ಸಿನಿಮಾ.

ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಸೂರತ್ತಿನಿಂದ ಬಂದ ಬಸ್ಸಿನಲ್ಲಿ ಹೀಗೆಯೇ ಇತ್ತು. ಒಬ್ಬೊಬ್ಬರೇ ಕಳ್ಳಗಣ್ಣಿನಿಂದ ಸಂಜನಾಳ ಕಡೆ ನೋಡಿದರು. ಅವಳು ಎದ್ದು ಹೊರಗೆ ನಡೆದಳು.

ಬೀದಿ ಮೂಲೆಯಲ್ಲಿ ಎಸ್‌ಟಿಡಿ ಬೂತ್. ಬೆರಳುಗಳು ತಾವಾಗಿಯೇ ಹೋಟೆಲಿನ ನಂಬರು ಒತ್ತಿದವು.

“ಹಲೋ, ಅಕ್ಷಯ್ ಮಾತಾಡುದು.”

“ಆ ಚೆಂಡು ಬಿತ್ತೇನು?”

ಆ ಕಡೆಯಿಂದ ಹೋಟೆಲಿನ ಲೋಟಗಳ ಸದ್ದಷ್ಟೇ ಕೇಳುತ್ತಿತ್ತು.

“ಸಂಜನಾ... ನೀನು ನೋಡಿದೆಯಾ?”

“ಬಿತ್ತೇನು ಅಂತ ಕೇಳೇನಿ!”

“ಇಲ್ಲ. ಬೀಳ್ಲಿಲ್ಲ.”

“ಮತ್ಯಾಕ ಸುಳ್ಳ ಹೇಳಿದಿ? ಇಷ್ಟ ದಿನ ಆ ಚೆಂಡ ಹಿಡ್ಕೊಂಡು ನಿಂತಿದ್ದೆ ನಾನು! ನಾಳೆ ನನ್ನ ಜೀವನದ ಪ್ರಶ್ನೆ ಐತಿ, ನಿನಗ ಗೊತ್ತಿಲ್ಲೇನು?”

“ಅವತ್ತು ನಿನ್ನ ಕೈ ನಡುಗ್ತಿತ್ತು ಮಾರಾಯ್ತಿ... ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ಆಮೇಲೆ ಹೇಳುವ ಅಂದ್ರೆ...”

“ತಿಳೀತು ಬಿಡು. ಇಕಿ ಕೈಲೆ ಆಗೂದಿಲ್ಲ, ಇಕಿಗೆ ಖರೇ ಹೇಳಿದ್ರ ತಡ್ಕೊಳ್ಳೂದಿಲ್ಲ ಅಂತ ನೀನೂ ಅನ್ಕೊಂಡಿ. ಎಲ್ಲಾರಂಗ ನೀನೂ! ಗಿರಾಕಿಗೆ ಹೇಳಿದಂಗ ನನಗೂ ಹೇಳಿ ಕಳಿಸಿದಿ.”

“ಹಾಗಲ್ಲ ಸಂಜನಾ, ನಾನು ನಿನ್ನನ್ನು...”

ಅವಳು ಫೋನು ಇಟ್ಟಳು.

ಇಟ್ಟ ಮೇಲೆ ಅಳು ಬಂತು. ‘ನಾನು ನಿನ್ನನ್ನು’ ಏನು? ಅದನ್ನಾದರೂ ಕೇಳಬೇಕಿತ್ತೇ? ಬೇಡ... ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಮ್ಮೆ ಸುಳ್ಳು ಹೇಳಿದವನು ಇನ್ನೇನು ಹೇಳಿದರೂ ನಂಬುವುದು ಹೇಗೆ?

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅವಳು ಹೇತಲ್‌ಳನ್ನು ಎಬ್ಬಿಸಿದಳು.

“ನಿಮ್ಮ ಚಿಕ್ಕಪ್ಪನ ಮನೆಗೆ ಹೋಗೋಣ. ಆ ಕೊನೆ ಸೀನ್ ಇನ್ನೊಮ್ಮೆ ನೋಡಬೇಕು.”

“ಪಾಗಲ್ ಹೈ ಕ್ಯಾ? ಫೈನಲ್ ದಿನ ಸೋಲುವುದನ್ನು ನೋಡುತ್ತೀಯಾ?”

“ನೋಡಬೇಕು.”

ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಕಲ್ಲಿಗೆ ಎಡವಿದವರು ಹಿಂತಿರುಗಿ ಕಲ್ಲು ನೋಡುವುದಿಲ್ಲವೇ, ಹಾಗೆ.

ಚೆಂಡು ತೇಲಿತು. ಅಂಚಿಗೆ ಬಡಿಯಿತು. ಚಿಮ್ಮಿತು. ಸಂಜನಾ ರಿವೈಂಡ್ ಮಾಡಿದಳು. ಮತ್ತೆ ನೋಡಿದಳು. ಈ ಸಲ ಚೆಂಡನ್ನು ಬಿಟ್ಟು ಹುಡುಗಿಯ ಕಾಲು ನೋಡಿದಳು. ಆ ರೆಫರಿ ಸಿನಿಮಾ ನೋಡಿದ ಮೇಲೆ ಬಂದ ಅಭ್ಯಾಸ ಅದು.

ಕಾಲು ಅಲುಗಲಿಲ್ಲ! ಎಸೆದ ಕೈಯನ್ನು ಹಾಗೇ ಮೇಲೆ ಹಿಡಿದು, ಬೀಳುತ್ತದೋ ಇಲ್ಲವೋ ಎಂದು ನೋಡುತ್ತ ನಿಂತಿದ್ದಳು. ಚೆಂಡು ಕೆಳಗೆ ಪುಟಿಯಿತು. ಅವಳಿಂದ ಎರಡೇ ಹೆಜ್ಜೆ ದೂರ! ಎದುರಾಳಿ ಬಂದು ಎತ್ತಿಕೊಂಡಳು.

“ಅಕಿ ಯಾಕ ಓಡಲಿಲ್ಲ?” ಎಂದಳು ಸಂಜನಾ ತನ್ನಷ್ಟಕ್ಕೆ. ಸೂರತ್ತಿನಲ್ಲಿ ತಾನು ಓಡಿದ್ದೆನೇ? ಇಲ್ಲ. ತಾನೂ ಕೈ ಎತ್ತಿಕೊಂಡೇ ನಿಂತಿದ್ದೆ!

ಹೇತಲ್ ಆಕಳಿಸುತ್ತ ಕೇಳಿದಳು, “ಏನಂದಿ?”

“ಏನಿಲ್ಲ. ನಡಿ, ಹೊತ್ತಾಗುತ್ತೆ.”

*

ಸ್ಟೇಡಿಯಂ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಟೋಪಿ ಹಾಕಿದ ದಪ್ಪ ಮಹಿಳೆ, ರೈಲ್ವೆಯ ಕೋಚ್ ಮೇಡಂ, ಮುಖ ಗಂಟಿಕ್ಕಿ ಕೂತಿದ್ದರು. ಆಕೆಯ ಮುಖ ನೋಡಿದರೆ ಯಾರೂ ಆಕೆಗೆ ಇಷ್ಟವಾದ ಹಾಗೆ ಕಾಣಲಿಲ್ಲ.

ಆಟ ಶುರುವಾಯಿತು. ಸೂರತ್ತಿನವರು ಬಿರುಸಿನವರು. ಒಮ್ಮೆ ಇವರು ಮುಂದೆ, ಒಮ್ಮೆ ಅವರು ಮುಂದೆ. ಸಂಜನಾ ಮೊದಲರ್ಧದಲ್ಲಿ ಒಂದೇ ಒಂದು ಫ್ರೀ ಥ್ರೋ ಎಸೆದಳು. ಅದೂ ಹೊರಗೆ ಹೋಯಿತು. ಸೂರತ್ತಿನ ಕಡೆಯಿಂದ ಒಂದು ಹುಯ್ಯಲು ಎದ್ದಿತು. ಹಿಂದಿನ ವರ್ಷದ್ದು ಅವರಿಗೂ ನೆನಪಿತ್ತು.

ವಿರಾಮದಲ್ಲಿ ನೀರು ಕುಡಿಯುತ್ತಿದ್ದವಳಿಗೆ ಕಟಕಟೆಯ ಆ ಕಡೆಯಿಂದ ಕನ್ನಡ ಕೇಳಿಸಿತು.

“ಸಂಜನಾ...”

ಅಕ್ಷಯ್! ಬೆಳಗಿನ ರೈಲಿಗೆ ನಿಂತೇ ಬಂದಿದ್ದಿರಬೇಕು. ಅಂಗಿ ಮುದ್ದೆಯಾಗಿತ್ತು, ಕಣ್ಣು ಕೆಂಪಾಗಿದ್ದವು.

ಎದೆ ಧಸಕ್ಕೆಂದಿತು. ಆದರೂ ಅವಳ ಮುಖ ಬಿಗಿಯಾಯಿತು. “ಯಾಕ ಬಂದಿ?”

“ನಿನ್ನ ಎದುರು ನಿಂತು ಹೇಳ್ಲಿಕ್ಕೆ ಬಂದೆ. ಆ ಚೆಂಡು ಬೀಳ್ಲಿಲ್ಲ. ನಾನು ಸುಳ್ಳು ಹೇಳಿದ್ದು. ನಿನ್ನಿಂದ ಆಗುದಿಲ್ಲ ಅಂತ ಅಲ್ಲ... ನೀನು ಅಳುದು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ ಅಂತ. ಹೆದರಿದ್ದು ನಾನು, ನೀನಲ್ಲ.”

ಅವಳು ಅವನನ್ನೇ ನೋಡಿದಳು. ಎಷ್ಟೋ ಹೇಳಬೇಕೆನ್ನಿಸಿತು. ರೆಫರಿ ಸೀಟಿ ಊದಿದ.

“ಗಪ್ಪನ ಕುಂದ್ರು. ನಾ ಗೆರಿ ಮ್ಯಾಲೆ ನಿಂತಾಗ ಒದರಬ್ಯಾಡ,” ಎಂದು ಓಡಿದಳು.

ಕೊನೆಯ ನಿಮಿಷ. ಸೂರತ್ ಒಂದು ಪಾಯಿಂಟು ಮುಂದೆ. ಚೆಂಡು ಸಂಜನಾಳ ಕೈಯಲ್ಲಿ. ಬುಟ್ಟಿಯ ಕಡೆ ನುಗ್ಗಿದಳು, ಹಾರಿದಳು... ಯಾರದೋ ಮೊಣಕೈ ಬಡಿಯಿತು. ಬಿದ್ದಳು. ರೆಫರಿ ಕೈ ಎತ್ತಿದ.

ಫೌಲ್! ಎರಡು ಫ್ರೀ ಥ್ರೋ.

ಅಯ್ಯೋ ದೇವರೇ... ಅದೇ ಗೆರೆ, ಅದೇ ತಂಡ, ಅದೇ ಒಂದು ಪಾಯಿಂಟು! ಹೇತಲ್ ಕಣ್ಣು ಮುಚ್ಚಿಕೊಂಡು ಅಂಬಾಮಾತೆಯನ್ನು ನೆನೆದಳು. ಗಡಿಯಾರದಲ್ಲಿ ಉಳಿದದ್ದು ಚಿಟಿಕೆಯಷ್ಟು ಹೊತ್ತು.

ಸಂಜನಾ ಗೆರೆಯ ಮೇಲೆ ನಿಂತಳು. ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿದಳು. ಅಪ್ಪಾಜಿಯ ಮುಖ, ಕೊಯಾಲಿಯ ಮನೆಯಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳು, ಫತೇಗಂಜಿನ ಹೋಟೆಲಿನ ಒಳಗಿನ ಪಾತ್ರೆಯ ಸಾಂಬಾರು, ಎಲ್ಲ ಒಟ್ಟಿಗೇ ಕಣ್ಣೆದುರು ಬಂದವು.

ಮೊದಲನೆಯದು ಎಸೆದಳು. ಅಂಚಿಗೆ ಬಡಿದು ಹೊರಗೆ.

ಸೂರತ್ತಿನವರ ಕೂಗಿಗೆ ಕಿವಿ ಗಡಚಿಕ್ಕಿತು. ಸಂಜನಾ ಒಮ್ಮೆ ಅಕ್ಷಯನ ಕಡೆ ನೋಡಿದಳು. ಅವನು ಎರಡೂ ಕೈ ಬಾಯಿಗೆ ಒತ್ತಿಕೊಂಡು ಕೂತಿದ್ದ, ಒದರಬಾರದು ಎಂದು. ‘ಹೇಳಿದ ಮಾತು ಕೇಳ್ಯಾನ ಪಾಪ,’ ಅನ್ನಿಸಿತು ಅವಳಿಗೆ, ಅಂಥ ಹೊತ್ತಿನಲ್ಲೂ.

ಎರಡನೆಯದು.

ಚೆಂಡು ಕೈ ಬಿಟ್ಟ ಕ್ಷಣವೇ ಅವಳಿಗೆ ಗೊತ್ತಾಯಿತು, ಇದೂ ಬೀಳುವುದಿಲ್ಲ! ಮಣಿಕಟ್ಟು ಹೇಳಿಬಿಟ್ಟಿತು.

ಎಲ್ಲರೂ ತಲೆ ಎತ್ತಿ ಚೆಂಡು ನೋಡುತ್ತಿದ್ದರು. ಸೂರತ್ತಿನ ಹುಡುಗಿಯರು ಆಗಲೇ ಕುಣಿಯಲು ಕೈ ಎತ್ತಿದ್ದರು.

ಸಂಜನಾ ಮಾತ್ರ ನೋಡುತ್ತ ನಿಲ್ಲಲಿಲ್ಲ.

ಚೆಂಡು ಅಂಚಿಗೆ ಬಡಿದ ಸದ್ದಿಗೇ ಮುಂದೆ ನುಗ್ಗಿದಳು. ಚಿಮ್ಮಿದ ಚೆಂಡನ್ನು ಇಬ್ಬರ ನಡುವೆ ಹಾರಿ ಕಿತ್ತುಕೊಂಡಳು. ಎದುರಿಗೆ ಮೂರು ಕೈಗಳು ಅಡ್ಡ ಬಂದವು. ಬುಟ್ಟಿಯ ಕೆಳಗೆ ಹೇತಲ್ ಒಬ್ಬಳೇ, ಆಗಷ್ಟೇ ಕಣ್ಣು ಬಿಟ್ಟು ನಿಂತಿದ್ದಳು!

“ಹೇತಲ್, ಲೇ!” ಹಿಡಿ ಎಂದು ಗುಜರಾತಿಯಲ್ಲಿ ಕೂಗಿ ಎಸೆದಳು.

ಚೆಂಡು ಹೇತಲ್ ಕೈಗೆ ಬಿತ್ತು, ಅಲ್ಲಿಂದ ಬುಟ್ಟಿಗೆ. ಗಂಟೆ ಮೊಳಗಿತು.

ಗೆದ್ದರು!

ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಅಡಿಯಲ್ಲಿ ಸಿಕ್ಕಿದ ಸಂಜನಾ ಅಳುತ್ತಿದ್ದಳೋ, ನಗುತ್ತಿದ್ದಳೋ, ಅವಳಿಗೇ ತಿಳಿಯಲಿಲ್ಲ.

ಬಿಳಿ ಟೋಪಿಯ ಕೋಚ್ ಮೇಡಂ ಎದುರು ಬಂದು ನಿಂತಾಗ ಎಲ್ಲರೂ ಸರಿದರು. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು.

“ತುಮ್ಹಾರಾ ಫ್ರೀ ಥ್ರೋ ಬಹುತ್ ಖರಾಬ್ ಹೈ,” ಎಂದರು.

ಸಂಜನಾ ತಲೆ ತಗ್ಗಿಸಿದಳು. ಮುಗಿಯಿತು... ಪೆಟ್ಟಿಗೆ ಕಟ್ಟುವುದೇ ಸೈ!

“ಅದನ್ನು ನಾನು ಕಲಿಸುತ್ತೇನೆ,” ಎಂದು ಮೇಡಂ ಹಿಂದಿಯಲ್ಲೇ ಮುಂದುವರಿಸಿದರು. “ತಪ್ಪಿದ ಮೇಲೆ ಓಡುವುದನ್ನು ಮಾತ್ರ ಕಲಿಸಲು ಬರುವುದಿಲ್ಲ. ಸೋಮವಾರ ವಡೋದರಾ ರೈಲ್ವೆ ಮೈದಾನಕ್ಕೆ ನಿನ್ನ ತಂದೆಯನ್ನು ಕರೆದುಕೊಂಡು ಬಾ. ನೌಕರಿಯ ಮಾತು ಅವರ ಎದುರೇ ಆಗಲಿ.”

*

ಗೇಟಿನ ಹೊರಗೆ ಶೇಂಗಾ ಗಾಡಿಯ ಪಕ್ಕ ಅಕ್ಷಯ್ ನಿಂತಿದ್ದ. ಹತ್ತಿರ ಬರಲು ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ.

ಸಂಜನಾಳೇ ಅವನ ಬಳಿಗೆ ನಡೆದಳು.

“ನಿನಗಿನ್ನೂ ಸಿಟ್ಟುಂಟಾ?” ಎಂದ.

“ಐತಿ.”

“ಎಷ್ಟು?”

“ನೀ ಖರೇ ಹೇಳಿದ್ದಿದ್ರ ಆ ಓಡೂದು ಯಾವಾಗೋ ಕಲ್ತಿರ್ತಿದ್ದೆ. ಆ ಸೋತ ಹುಡುಗೀನ ನನಗ ಕಲಿಸಿದ್ದು, ನಿನ್ನ ಗೆದ್ದ ಹುಡುಗಿ ಅಲ್ಲ. ತಿಳೀತಿಲ್ಲೋ?”

“ತಿಳೀತು.”

“ಇನ್ನ ಮ್ಯಾಲೆ ನನಗ ದುಃಖದ್ದು ಇದ್ರೂ ಖರೇನ ಹೇಳಬೇಕು. ಅತ್ತರ ಅಳ್ತೀನಿ. ನೀ ಬಾಜೂಕ ಕುಂದ್ರು, ಅಷ್ಟ ಸಾಕು.”

ಅವನ ಕಣ್ಣು ತುಂಬಿದವು. ಹೂಂ ಎಂದು ತಲೆ ಅಲ್ಲಾಡಿಸಿದ.

“ಮತ್ತ... ನಿನ್ನೆ ಫೋನಿನ್ಯಾಗ ‘ನಾನು ನಿನ್ನನ್ನು’ ಅಂದು ನಿಲ್ಲಿಸಿದಿ. ಅದರ ಕೊನೀನೂ ನಿಮ್ಮವ್ವ ಅಳಿಸಿಬಿಟ್ಟಾರೇನು?”

ಅಕ್ಷಯ್ ನಕ್ಕುಬಿಟ್ಟ. ಗುಳಿ ಬಿತ್ತು. ಈ ಸಲ ಅವಳು ಬೇರೆ ಕಡೆ ನೋಡಲಿಲ್ಲ.

“ನಾನು ನಿನ್ನನ್ನು ಪ್ರೀತಿಸ್ತೇನೆ ಸಂಜನಾ. ನೀನು ಕ್ಯಾಸೆಟ್ ಕುಕ್ಕಿದ ದಿನದಿಂದ. ಇದು ಗಿರಾಕಿಗೆ ಹೇಳುವ ಮಾತಲ್ಲ.”

ಶೇಂಗಾ ಗಾಡಿಯವನು ಇಬ್ಬರನ್ನೂ ನೋಡಿ, ಭಾಷೆ ತಿಳಿಯದಿದ್ದರೂ ಎಲ್ಲ ತಿಳಿದವನಂತೆ ಮುಗುಳ್ನಕ್ಕ. ಸಂಜನಾ ಮೆಲ್ಲಗೆ ಅಕ್ಷಯನ ಮುದ್ದೆಯಾದ ತೋಳನ್ನು ಹಿಡಿದಳು. ಅವಳ ಬೆರಳುಗಳು ಈಗ ನಡುಗುತ್ತಿರಲಿಲ್ಲ.

“ಒಂದ ಮಾತ ಕೇಳ್ಲಿ? ಆ ಅತ್ತಿ ಸೊಸಿ ಪಿಕ್ಚರ್ ಕಡೀಕ ಏನಾತು?”

“ನಿಜವಾಗಿಯೂ ಗೊತ್ತಿಲ್ಲ ಮಾರಾಯ್ತಿ. ಟೇಪ್ ಮುಗಿದುಹೋಗಿತ್ತಲ್ಲ. ಅಮ್ಮ ಇವತ್ತಿಗೂ ಅದನ್ನೇ ಹೇಳಿ ಕೊರಗ್ತಾರೆ.”

“ಹಂಗಾರ ಮುಂದಿನ ಸಲ ಹಾಕಿದಾಗ ಎಲ್ಲಾರೂ ಕೂಡೇ ನೋಡೂಣು. ಕಡೀತನಕ.”

“ಕನ್ನಡದ ಸರದಿ ಇನ್ನು ಯಾವಾಗ ಬರ್ತದೋ ಏನೋ...”

“ಬರಲಿ ತಗೊ, ಸಾವಕಾಶ ಬರಲಿ. ನಾ ಇಲ್ಲೇ ಇರ್ತೀನಲ್ಲ!”